ನೀಲಿ ಶೆಡ್‌ಗಳಿಗೆ ಕುಡಿಯುವ ನೀರು: ಟ್ಯಾಂಕರ್‌ನಿಂದ ಕೊಡದವರೆಗೆ

ಬೆಂಗಳೂರಿನ ವೈಟ್‌ಫೀಲ್ಡ್, ಮಾರತ್ತಹಳ್ಳಿ, ಹೆಣ್ಣೂರು ಕಡೆಯ ಖಾಲಿ ಸೈಟುಗಳಲ್ಲಿ ನೀಲಿ ಟಾರ್ಪಾಲು ಹೊದಿಸಿದ ಶೆಡ್‌ಗಳು ಸಾಲುಸಾಲಾಗಿ ಕಾಣುತ್ತವೆ. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದವರು, ಬಂಗಾಳದಿಂದ ಬಂದು ಕಸ ಆಯುವವರು ಅಲ್ಲಿರುತ್ತಾರೆ. ಎಷ್ಟೋ ಕಡೆ ಜಾಗದ ಮಾಲೀಕರಿಗೆ ತಿಂಗಳ ಬಾಡಿಗೆಯನ್ನೂ ಕೊಡುತ್ತಾರೆ, ಆದರೆ ನಲ್ಲಿ ಮಾತ್ರ ಇರುವುದಿಲ್ಲ. ಅಂಥ ಒಂದು ಜಾಗಕ್ಕೆ ನೀರು ಒದಗಿಸಲು ಹೊರಟ ಸಂಘದವರಿಗೆ, ಪಕ್ಕದ ಅಪಾರ್ಟ್‌ಮೆಂಟಿನವರಿಗೆ ಈ ಬರಹ. ಲೆಕ್ಕಕ್ಕೆ 50 ಶೆಡ್, 200 ಜನ ಎಂದಿಟ್ಟುಕೊಂಡಿದ್ದೇವೆ. ನಿಮ್ಮ ಜಾಗಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಇಂಥ ಕಡೆ ನೀರು ಕೆಡುವುದು ಬಹುಪಾಲು ಕೊನೆಯ ನೂರು ಅಡಿಯಲ್ಲಿ. ಟ್ಯಾಂಕರಿನ ಪೈಪು ಕೆಸರಲ್ಲಿ ಬಿದ್ದಿರುತ್ತದೆ, ಡ್ರಮ್ಮಿಗೆ ಮುಚ್ಚಳ ಇರುವುದಿಲ್ಲ, ಲೋಟದ ಜೊತೆ ಕೈಯೂ ಕೊಡದೊಳಗೆ ಇಳಿಯುತ್ತದೆ. ಆದ್ದರಿಂದ ಶೆಡ್ಡಿಗೊಂದು ಫಿಲ್ಟರ್ ಹಂಚಿ ಫೋಟೊ ತೆಗೆಸಿಕೊಳ್ಳುವುದರಿಂದ ಏನೂ ಆಗದು. ಕರೆಂಟೂ ನೀರಿನ ಒತ್ತಡವೂ ಇಲ್ಲದ ಕಡೆ ಆರ್‌ಒ ಯಂತ್ರ ಮೂಲೆ ಸೇರುತ್ತದೆ. ಕ್ಲೋರಿನ್ ಹಾಗಲ್ಲ, ನೀರಿನ ಜೊತೆಗೇ ಕೊಡದವರೆಗೂ ಹೋಗಿ ಅಲ್ಲಿಯೂ ಕೆಲಸ ಮಾಡುತ್ತದೆ. ಕೆಳಗಿನದೆಲ್ಲ ಅದನ್ನೇ ನಂಬಿಕೊಂಡದ್ದು.

ಎಷ್ಟು ನೀರು, ಎಲ್ಲಿಂದ

ನಿರಾಶ್ರಿತರ ಶಿಬಿರಗಳಿಗೆ ಬಳಸುವ ಸ್ಫಿಯರ್ ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಬೇಕು. ಅದರಲ್ಲಿ ಕುಡಿಯಲು, ಅಡುಗೆಗೆ ಸುಮಾರು 6 ಲೀಟರ್. 200 ಜನಕ್ಕೆ ಒಟ್ಟು 3,000 ಲೀಟರ್, ಅದರಲ್ಲಿ ಕುಡಿಯುವ ನೀರು 1,200. ಎರಡು ದಿನಕ್ಕೊಂದು 6,000 ಲೀಟರಿನ ಟ್ಯಾಂಕರ್ ಬಂದರೆ ಸಾಕಾಗುತ್ತದೆ. ಇದು ಕನಿಷ್ಠದ ಮಾತು. ಏಪ್ರಿಲ್ ಬಿಸಿಲಲ್ಲಿ ಸಿಮೆಂಟು ಹೊತ್ತು ಬಂದವರಿಗೆ ಇದು ಧಾರಾಳವೇನಲ್ಲ.

ಟ್ಯಾಂಕರಿನವರನ್ನು ಮೊದಲು ಕೇಳಬೇಕಾದದ್ದು ದರವನ್ನಲ್ಲ, ಕಾವೇರಿ ನೀರೋ ಬೋರ್‌ವೆಲ್ ನೀರೋ ಎಂಬುದನ್ನು. ಬೋರ್‌ವೆಲ್ ಆದರೆ ಒಂದು ಬಾಟಲಿ ನೀರನ್ನು ಲ್ಯಾಬಿಗೆ ಕೊಟ್ಟು ನೈಟ್ರೇಟ್, ಫ್ಲೋರೈಡ್, ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣಾಂಶ) ನೋಡಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಫ್ಲೋರೈಡ್ 1 ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ ಕ್ಲೋರಿನ್ನಿಗೂ ಹೋಗುವುದಿಲ್ಲ, ಕಾಯಿಸಿದರೂ ಹೋಗುವುದಿಲ್ಲ. ಬಾಟಲಿ ಹಾಲು ಕುಡಿಯುವ ಕೂಸುಗಳಿಗೆ ಅಪಾಯ. ಅಂಥ ನೀರನ್ನು ಸ್ನಾನಕ್ಕೆ, ಬಟ್ಟೆಗೆ ಬಿಟ್ಟು, ಕುಡಿಯಲು ಕಾವೇರಿ ನೀರನ್ನೇ ತರಿಸಿ. ಜಲಮಂಡಳಿಯ ಸಹಾಯವಾಣಿ 1916. ಅವರ ಸಂಚಾರಿ ಕಾವೇರಿ ಟ್ಯಾಂಕರ್‌ಗಳನ್ನೂ ವಿಚಾರಿಸಿ ನೋಡಿ.

ದರದ ಅಂದಾಜಿಗೆ: 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಖಾಸಗಿ ಟ್ಯಾಂಕರ್‌ಗಳಿಗೆ ಬೆಲೆ ಕಟ್ಟಿದಾಗ 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 10 ಕಿಲೋಮೀಟರ್‌ವರೆಗೆ 750 ಇತ್ತು, ಜಿಎಸ್‌ಟಿ ಬೇರೆ. ಅಂದರೆ ಲೀಟರಿಗೆ 10ರಿಂದ 13 ಪೈಸೆ. ಶುದ್ಧ ನೀರಿನ ಘಟಕದಲ್ಲಿ 20 ಲೀಟರ್ ಕ್ಯಾನಿಗೆ 5 ರೂಪಾಯಿ ಕೊಟ್ಟರೂ ಲೀಟರಿಗೆ 25 ಪೈಸೆ ಬೀಳುತ್ತದೆ, ಹೊತ್ತು ತರುವ ಕಷ್ಟ ಬೇರೆ. ಜೊತೆಗೆ ಆ ಆರ್‌ಒ ನೀರಲ್ಲಿ ಕ್ಲೋರಿನ್ ಇರುವುದಿಲ್ಲ. ಕ್ಯಾನು ಗಲೀಜಾಗಿದ್ದರೆ ಶುದ್ಧ ನೀರೂ ಸಂಜೆಗೆ ಕೆಟ್ಟಿರುತ್ತದೆ.

ಜಾಗ, ಸ್ಟ್ಯಾಂಡು, ನಲ್ಲಿ

ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ, ಎರಡು ಸಾಲಾದರೂ ಸಾಕು. ಬಿಲ್ಡರ್ ಹಾಕಿಸಿದ ಲೇಬರ್ ಶೆಡ್ ಆದರೆ ನೀರು ಕೊಡುವ ಹೊಣೆ ಬಿಲ್ಡರಿನದೇ. ನೀವು ಟ್ಯಾಂಕು ಇಡುವ ಮೊದಲು ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಕುಡಿಯುವ ನೀರಿನ ಜಾಗ ಬಚ್ಚಲು, ಶೌಚಾಲಯದಿಂದ 6 ಮೀಟರ್ ದೂರವಿರಬೇಕು, ಅಲ್ಲಿನವರಿಗೆ ಅರ್ಥವಾಗುವ ಭಾಷೆಯಲ್ಲಿ ಹಲಗೆ ಇರಬೇಕು ಎಂದಿತ್ತು. ನಿಮ್ಮದು ಯಾರ ಜಾಗವಾದರೂ ಈ ಎರಡನ್ನು ಪಾಲಿಸಿ. 6 ಮೀಟರನ್ನು 15 ಮಾಡಿದರೆ ಇನ್ನೂ ಒಳ್ಳೆಯದು. ಹಲಗೆ ಕನ್ನಡದಲ್ಲೂ ಬಂಗಾಳಿಯಲ್ಲೂ ಇರಲಿ, ಜೊತೆಗೆ ಲೋಟದ ಚಿತ್ರವೊಂದು. ಒತ್ತುವರಿ ಜಾಗಕ್ಕೆ ನೀರೇಕೆ ಎಂದು ಯಾರಾದರೂ ತಗಾದೆ ತೆಗೆದರೆ, ಮಲಿನವಲ್ಲದ ನೀರು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ ಎಂಬುದನ್ನು ನೆನಪಿಸಿ.

ಕುಡಿಯುವ ನೀರಿಗೆ 1,000 ಲೀಟರಿನ ಮೂರು ಸಿಂಟೆಕ್ಸ್, ಬಳಕೆಗೆ 3,000 ಲೀಟರಿನ ಒಂದು. ಬೇರೆಬೇರೆ ಯಾಕೆಂದರೆ, ಒಂದೇ ಟ್ಯಾಂಕಿದ್ದರೆ ಭಾನುವಾರ ಬಟ್ಟೆ ಒಗೆಯುವ ಹೊತ್ತಿಗೆ ಕುಡಿಯುವ ನೀರೂ ಖಾಲಿ. ಕುಡಿಯುವ ಟ್ಯಾಂಕು ಒಂದೇ ದೊಡ್ಡದು ಬೇಡ. ಒಂದಕ್ಕೆ ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಟ್ಟಿರುವಾಗ ಇನ್ನೊಂದರಿಂದ ಹಿಡಿಯಬಹುದು, ಒಂದನ್ನು ತೊಳೆಯುವಾಗ ಎರಡು ನಡೆಯುತ್ತವೆ.

ತುಂಬಿದ 1,000 ಲೀಟರ್ ಟ್ಯಾಂಕು ಒಂದು ಟನ್ ತೂಗುತ್ತದೆ, ಇದನ್ನು ಮರೆಯುವವರೇ ಹೆಚ್ಚು. ಎರಡೂವರೆಯಿಂದ ಮೂರಡಿ ಎತ್ತರದ, ನಟ್ಟು ಬೋಲ್ಟಿನಿಂದ ಬಿಚ್ಚಬಹುದಾದ ಕಬ್ಬಿಣದ ಆಂಗಲ್ ಸ್ಟ್ಯಾಂಡು ಮಾಡಿಸಿ. ತೂಕ ಹೇಳಿಯೇ ಮಾಡಿಸಿ. ಸ್ಟ್ಯಾಂಡಿನ ಮೇಲೆ ಟ್ಯಾಂಕಿನ ತಳಕ್ಕೆ ಪೂರ್ತಿ ಆಸರೆ ಕೊಡುವ ದಪ್ಪ ತಗಡೋ ಹಲಗೆಯೋ ಇರಬೇಕು. ಬರೀ ಪಟ್ಟಿಗಳ ಮೇಲೆ ಕೂರಿಸಿದರೆ ನಡುವೆ ತಳ ಜೋತುಬಿದ್ದು, ಕೆಲವೇ ತಿಂಗಳಲ್ಲಿ ಪೈಪು ಹೊರಡುವ ಜಾಗದಲ್ಲಿ ಸೀಳುತ್ತದೆ. ಇಂಥ ಸೈಟುಗಳ ನೆಲ ಹೆಚ್ಚಾಗಿ ತುಂಬಿಸಿದ ಮಣ್ಣು, ಡೆಬ್ರಿಸ್. ಮೊದಲ ಮಳೆಗೇ ಒಂದು ಕಾಲು ಕುಸಿದು ಟ್ಯಾಂಕು ವಾಲುತ್ತದೆ. ಪ್ರತಿ ಕಾಲಿನ ಕೆಳಗೆ ನೆಲ ಗುದ್ದಿ ಗಟ್ಟಿಮಾಡಿ ಒಂದು ಸೈಜುಗಲ್ಲು ಹಾಕಿ.

ಟ್ಯಾಂಕಿನಿಂದ ನೀರು ಹೊರಡುವ ತೂತು ತಳದಿಂದ ಎರಡಿಂಚು ಮೇಲಿರಲಿ, ಕೆಳಗಿನ ಗಸಿ ನಲ್ಲಿಗೆ ಬರುವುದಿಲ್ಲ. ಗಸಿ ಬಿಡಲು ತಳಕ್ಕೊಂದು ಬೇರೆ ವಾಲ್ವು. ಪ್ರತಿ ಟ್ಯಾಂಕಿಗೂ ಒಂದಿಂಚಿನ ಬಾಲ್ ವಾಲ್ವು, ಅಲ್ಲಿಂದ ಒಂದಿಂಚಿನ ಪೈಪು, ಅದಕ್ಕೆ ಅರ್ಧ ಇಂಚಿನ ನಲ್ಲಿಗಳು. ಜೋಡಣೆಯ ನಡುವೆ ಒಂದೆರಡು ಯೂನಿಯನ್ ಹಾಕಿಸಿ, ಬಿಚ್ಚುವಾಗ ಪೈಪು ಕೊಯ್ಯಬೇಕಾಗುವುದಿಲ್ಲ. ನಲ್ಲಿಯ ಬಾಯಿ ಕೊಡ ಇಡುವ ಹಾಸುಗಲ್ಲಿನಿಂದ 20 ಇಂಚು ಮೇಲಿದ್ದರೆ ಪ್ಲಾಸ್ಟಿಕ್ ಕೊಡ ಕೆಳಗೆ ಸಲೀಸಾಗಿ ಕೂರುತ್ತದೆ.

ನಲ್ಲಿ ಎಷ್ಟು? ಸ್ಫಿಯರ್ ಲೆಕ್ಕದಲ್ಲಿ 250 ಜನಕ್ಕೊಂದು ಸಾಕು, ನಿಮಿಷಕ್ಕೆ 7.5 ಲೀಟರ್ ಬರುವಂತಿದ್ದರೆ. ಆದರೆ ಇಲ್ಲಿ ಎಲ್ಲರೂ ಕೆಲಸ ಮುಗಿಸಿ ಸಂಜೆ ಒಂದೇ ಗಂಟೆಯಲ್ಲಿ ಬರುತ್ತಾರೆ. ಒಂದು ನಲ್ಲಿ ಗಂಟೆಗೆ 450 ಲೀಟರ್ ಕೊಟ್ಟರೆ 1,200 ಲೀಟರಿಗೆ ಮೂರು ಬೇಕು. ನಾಲ್ಕು ಹಾಕಿ, ಒಂದು ಯಾವಾಗಲೂ ಕೆಟ್ಟಿರುತ್ತದೆ. ಹಿತ್ತಾಳೆ ನಲ್ಲಿ ಬೇಡವೇ ಬೇಡ, ಗುಜರಿಗೆ ಹೋಗುತ್ತದೆ, ಪ್ಲಾಸ್ಟಿಕ್ಕಿನದು ಸಾಕು. ಒತ್ತಿ ಹಿಡಿದರಷ್ಟೇ ಬರುವ ಸ್ಪ್ರಿಂಗ್ ನಲ್ಲಿ ನೀರು ಉಳಿಸುತ್ತದೆ ಅನ್ನಿಸಬಹುದು, ಆದರೆ ಕೊಡ ತುಂಬುವಷ್ಟು ಹೊತ್ತು ಯಾರು ಒತ್ತಿ ನಿಲ್ಲುತ್ತಾರೆ? ಹಗ್ಗ ಬಿಗಿದು ಬಿಡುತ್ತಾರೆ, ವಾರದಲ್ಲಿ ಸ್ಪ್ರಿಂಗ್ ಸಡಿಲ.

ನಲ್ಲಿ ಕೆಳಗೆ ಕಡಪ ಕಲ್ಲು ಹಾಸಿ, ಚೆಲ್ಲಿದ ನೀರು ಒಂದು ಕಡೆಗೆ ಹರಿಯುವಂತೆ ಸ್ವಲ್ಪ ಇಳಿಜಾರು ಕೊಡಿ, ಕೊನೆಯಲ್ಲಿ ಮೂರಡಿ ಆಳದ ಗುಂಡಿ ತೋಡಿ ಜಲ್ಲಿ ತುಂಬಿ. ನೀರು ನಿಂತರೆ ಸೊಳ್ಳೆ, ಜಾರಿಕೆ, ನೆರೆಯವರ ದೂರು ಮೂರೂ ಬರುತ್ತವೆ. ಟ್ಯಾಂಕಿನ ಮುಚ್ಚಳಕ್ಕೆ ಬೀಗ, ಗಾಳಿ ಪೈಪಿಗೆ ಸೊಳ್ಳೆ ಬಲೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿ ನೀರಲ್ಲೇ.

ಕ್ಲೋರಿನ್

ಐಎಸ್‌ಐ ಗುರುತಿನ, ಇತ್ತೀಚಿನ ತಾರೀಖಿನ ಬ್ಲೀಚಿಂಗ್ ಪೌಡರನ್ನು ಕೆಮಿಕಲ್ ಅಂಗಡಿಯಲ್ಲಿ ಕೊಳ್ಳಿ. ಚರಂಡಿಗೆ ಚೆಲ್ಲಲು ಮಾರುವ ಬಿಡಿ ಪುಡಿಯಲ್ಲಿ ಎಷ್ಟು ಸತ್ವ ಉಳಿದಿದೆ ಎಂದು ಹೇಳಲಾಗದು. ಹೊಸ ಪುಡಿಯಲ್ಲಿ ನೂರಕ್ಕೆ 30ಕ್ಕೂ ಮೇಲೆ ಕ್ಲೋರಿನ್ ಇರುತ್ತದೆ, ಡಬ್ಬಿ ತೆರೆದ ಮೇಲೆ ಇಳಿಯುತ್ತಾ ಹೋಗುತ್ತದೆ. ಲೆಕ್ಕಕ್ಕೆ 25 ಎಂದು ಹಿಡಿಯಿರಿ. ಟಾರ್ಪಾಲಿನ ಕೆಳಗೆ ಇಡಬೇಡಿ, ಆ ಕಾವಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಗಂಟು ಕಟ್ಟಿದ ಪುಡಿಯನ್ನು ಕುಡಿಯುವ ನೀರಿಗೆ ಬಳಸಬೇಡಿ.

ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿಯಬಾರದು. ಮೊದಲು ದ್ರಾವಣ: ಪ್ಲಾಸ್ಟಿಕ್ ಬಕೆಟಿನಲ್ಲಿ ಒಂದು ಲೀಟರ್ ನೀರಿಗೆ 40 ಗ್ರಾಂ ಪುಡಿ, ತೂಗಿ ಹಾಕಿ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ. ಕೈಗವಸು ಹಾಕಿ, ಮುಖ ದೂರವಿಟ್ಟು ಕಲಸಿ, ಕೆಲವು ಗಂಟೆ ಬಿಡಿ. ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಬೆಳಕು ತೂರದ ಕ್ಯಾನಿಗೆ ಬಸಿಯಿರಿ. ಇದು ಶೇಕಡಾ 1ರ ದ್ರಾವಣ. ವಾರಕ್ಕೊಮ್ಮೆ ಹೊಸದು ಮಾಡಿ, ಕ್ಯಾನಿನ ಮೇಲೆ ವಿಷದ ಗುರುತು ಬರೆದು ಬೀಗದಲ್ಲಿಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಇದರ ಹತ್ತಿರವೂ ಇರಬಾರದು. ಎರಡೂ ಬೆರೆತರೆ ಉಸಿರುಗಟ್ಟಿಸುವ ಗಾಳಿ ಏಳುತ್ತದೆ.

ಎಷ್ಟು ಹಾಕಬೇಕೆಂಬುದು ನೀರಿನ ಮೇಲೆ ಹೋಗುತ್ತದೆ. ಹೊಸ ಮೂಲದ ನೀರು ಬಂದಾಗಲೆಲ್ಲ ಈ ಪರೀಕ್ಷೆ ಮಾಡಿ: ನಾಲ್ಕು ಬಕೆಟಿಗೆ 20 ಲೀಟರ್‌ನಂತೆ ನೀರು ತುಂಬಿ, ಮೆಡಿಕಲ್ ಶಾಪಿನ 10 ಎಂಎಲ್ ಸಿರಿಂಜಿನಿಂದ ಕ್ರಮವಾಗಿ 2, 4, 6, 8 ಎಂಎಲ್ ದ್ರಾವಣ ಹಾಕಿ ಕಲಕಿ ಮುಚ್ಚಿಡಿ. ಅರ್ಧ ಗಂಟೆ ಬಿಟ್ಟು ಕ್ಲೋರೋಸ್ಕೋಪಿನಲ್ಲಿ, ಅಂದರೆ ನೀರಲ್ಲಿ ಉಳಿದ ಕ್ಲೋರಿನ್ನನ್ನು ಬಣ್ಣದಿಂದ ಅಳೆಯುವ ಕಿಟ್ಟಿನಲ್ಲಿ, ನೋಡಿ. ಲೀಟರಿಗೆ 0.5 ಮಿಲಿಗ್ರಾಂ ಹತ್ತಿರ ತೋರಿಸಿದ ಬಕೆಟಿನ ಅಳತೆಯೇ ನಿಮ್ಮದು. ಅದನ್ನು 50ರಿಂದ ಗುಣಿಸಿದರೆ 1,000 ಲೀಟರಿನ ಲೆಕ್ಕ: 4 ಎಂಎಲ್ ಬಂದರೆ ಟ್ಯಾಂಕಿಗೆ 200 ಎಂಎಲ್. ಹಳದಿ ಬಣ್ಣ ಬರುವ ಓಟಿ ದ್ರವ ಬಳಸುವುದಾದರೆ ಹನಿ ಹಾಕಿದ ಕೂಡಲೇ ಬಣ್ಣ ಓದಿ. ತಡವಾಗಿ ಗಾಢವಾಗುವುದು ಬೇರೆಯದರ ಜೊತೆ ಕೂಡಿ ಬಲ ಕುಂದಿದ ಕ್ಲೋರಿನ್. ದುಡ್ಡಿದ್ದರೆ ಗುಲಾಬಿ ಬಣ್ಣದ ಡಿಪಿಡಿ ಮಾತ್ರೆಗಳೇ ವಾಸಿ, ಓಟಿ ವಿಷಕಾರಿ. ಪರೀಕ್ಷೆಯ ನೀರನ್ನು ಚೆಲ್ಲಿಬಿಡಿ.

ಟ್ಯಾಂಕು ಕಾಲುಭಾಗ ತುಂಬಿದಾಗ ದ್ರಾವಣ ಹಾಕಿದರೆ ಮಿಕ್ಕ ನೀರು ಬೀಳುವ ರಭಸಕ್ಕೆ ತಾನೇ ಬೆರೆಯುತ್ತದೆ. ಅರ್ಧ ಗಂಟೆ ನಲ್ಲಿ ತೆರೆಯಬೇಡಿ. ಎರಡನೇ ದಿನ ಬೆಳಿಗ್ಗೆ ಮತ್ತೆ ನೋಡಿ; 0.2ಕ್ಕಿಂತ ಇಳಿದಿದ್ದರೆ 1,000 ಲೀಟರಿಗೆ 50 ಎಂಎಲ್ ಸೇರಿಸಿ ಕಲಕಿ. ಬಳಕೆ ನೀರಿಗೂ ಕ್ಲೋರಿನ್ ಹಾಕಿ, ಮಕ್ಕಳು ಹತ್ತಿರದ ನಲ್ಲಿಗೇ ಬಾಯಿಡುತ್ತಾರೆ. ನೀರು ರಾಡಿಯಾಗಿದ್ದರೆ ಕ್ಲೋರಿನ್ ಸುರಿದು ಪ್ರಯೋಜನವಿಲ್ಲ. ಆ ಟ್ಯಾಂಕರನ್ನು ವಾಪಸು ಕಳಿಸಿ.

ಜನ ಹೇಳುವ ದೂರು ಒಂದೇ, ಆಸ್ಪತ್ರೆ ವಾಸನೆ. ಅದನ್ನು ಹಗುರವಾಗಿ ತಗೊಳ್ಳಬೇಡಿ. ವಾಸನೆ ಹಿಡಿಸದಿದ್ದರೆ ಪಕ್ಕದ ಗುಂಡಿಯ ನೀರಿಗೆ ಹೋಗುತ್ತಾರೆ. ನಲ್ಲಿಯಲ್ಲಿ 1 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳಿ, ಹಿಂದಿನ ಸಂಜೆಯೇ ಹಿಡಿದಿಡಲು ಹೇಳಿ, ಬೆಳಗಾಗುವಷ್ಟರಲ್ಲಿ ವಾಸನೆ ಇಳಿದಿರುತ್ತದೆ.

ಕೊಡದಲ್ಲಿ ಏನಾಗುತ್ತದೆ

ವಾರಕ್ಕೊಮ್ಮೆ ಬೆಳಿಗ್ಗೆ ಮೂರ್ನಾಲ್ಕು ಶೆಡ್‌ಗಳ ಕೊಡದ ನೀರನ್ನೇ ಪರೀಕ್ಷಿಸಿ. ನಲ್ಲಿಯಲ್ಲಿ 0.5, ಕೊಡದಲ್ಲಿ ಸೊನ್ನೆ ಬಂದರೆ ಕೊಡ ಗಲೀಜಾಗಿದೆ ಎಂದರ್ಥ. ಒಳಗೆ ಬೆರಳಾಡಿಸಿದರೆ ಲೋಳೆ ಸಿಗುತ್ತದೆ. ಸೋಪಿನ ಪುಡಿ, ಒಂದು ಹಿಡಿ ಅಕ್ಕಿ, ಸ್ವಲ್ಪ ನೀರು ಹಾಕಿ ಜೋರಾಗಿ ಕುಲುಕಿ ತೊಳೆಯಬೇಕು. ಇಲ್ಲಿ ಬಹಳ ಮನೆಗಳಲ್ಲಿ ನೀರಿಗಿರುವುದು 20 ಲೀಟರಿನ ಪೇಂಟ್ ಬಕೆಟ್. ಅದು ಸ್ನಾನಕ್ಕೆ ಸರಿ, ಕುಡಿಯಲು ಬೇಡ. ಏನಿತ್ತೆಂದು ಗೊತ್ತಿಲ್ಲದ ಹಳೆಯ ನೀಲಿ ಡ್ರಮ್ಮೂ ಬೇಡ. ಹಂಚುವುದಿದ್ದರೆ ಶೆಡ್ಡಿಗೆ ಕಿರಿದಾದ ಬಾಯಿಯ, ಮುಚ್ಚಳವಿರುವ 10 ಲೀಟರಿನ ಎರಡು ಕ್ಯಾನು ಹಂಚಿ. ಅದಕ್ಕಿಂತ ದೊಡ್ಡದು ಬೇಡ, ನೀರು ಹೊತ್ತು ತರುವುದು ಎಷ್ಟೋ ಸಲ ಹುಡುಗಿಯರು. ಕೊಡವೇ ಇದ್ದರೆ ಉದ್ದ ಹಿಡಿಯ ಸೌಟು ಕೊಟ್ಟು, ಕೊಡವನ್ನು ಎರಡು ಇಟ್ಟಿಗೆಯ ಮೇಲೆ ಇಡಿಸಿ.

ನಡೆಸಿಕೊಂಡು ಹೋಗುವುದು

ನೀರಗಂಟಿಯ ಕೆಲಸಕ್ಕೆ ಅಲ್ಲಿಯವರನ್ನೇ ಇಬ್ಬರನ್ನು ಆರಿಸಿ, ಒಬ್ಬರು ಹಗಲು ಶೆಡ್ಡಿನಲ್ಲಿರುವ ಹೆಂಗಸಾಗಿರಲಿ, ಸಂಬಳ ಕೊಡಿ. ಮೇಸ್ತ್ರಿಯ ಕೈಗೆ ಬೀಗದ ಕೀ ಕೊಟ್ಟರೆ ನೀರು ಅವರ ಕಡೆಯವರಿಗೆ ಮೊದಲು ಹೋಗುತ್ತದೆ. ಟ್ಯಾಂಕರ್ ಬೆಳಿಗ್ಗೆ ಆರರೊಳಗೋ ಸಂಜೆ ಏಳರ ಮೇಲೋ ಬರಲಿ. ಹತ್ತು ಗಂಟೆಗೆ ಬಂದರೆ ಕೂಲಿ ಹುಡುಕಿ ನಾಕಾಕ್ಕೆ (ಕೂಲಿಯವರು ನಿಲ್ಲುವ ಸರ್ಕಲ್ಲಿಗೆ) ಹೋದವರ ಮನೆಗಳಿಗೆ ಉಳಿಯುವುದು ಗಸಿ. ತುಂಬಿಸುವ ಪೈಪು ನಿಮ್ಮದೇ ಇರಲಿ, ಎರಡೂ ತುದಿಗೆ ಮುಚ್ಚಳ ಹಾಕಿ ಗೂಟಕ್ಕೆ ನೇತುಹಾಕಿ, ನೆಲಕ್ಕೆ ತಾಗಿಸಬೇಡಿ.

ಮೂರು ತಿಂಗಳಿಗೊಮ್ಮೆ ಟ್ಯಾಂಕುಗಳನ್ನು ಒಂದೊಂದಾಗಿ ಖಾಲಿ ಮಾಡಿ, ಉಜ್ಜಿ, ನೀರು ತುಂಬಿ 1,000 ಲೀಟರಿಗೆ 5 ಲೀಟರಿನಂತೆ ದ್ರಾವಣ ಹಾಕಿ ಒಂದು ದಿನ ಬಿಟ್ಟು ಚೆಲ್ಲಿ, ಮತ್ತೆ ತೊಳೆದು ತುಂಬಿ. ಆ ದಿನ ಆ ಟ್ಯಾಂಕಿನ ವಾಲ್ವನ್ನು ತಂತಿ ಬಿಗಿದು ಮುಚ್ಚಿಡಿ. ತಿಂಗಳಿಗೊಮ್ಮೆ ಎಚ್‌ಟುಎಸ್ ಬಾಟಲಿಯಲ್ಲಿ (ಮಲದ ರೋಗಾಣು ಪತ್ತೆಹಚ್ಚುವ ಮದ್ದು ಹಾಕಿದ ಬಾಟಲಿ) ನಲ್ಲಿಯ ನೀರು, ಕೊಡದ ನೀರು ಎರಡನ್ನೂ ಹಿಡಿದಿಡಿ. 48 ಗಂಟೆಯೊಳಗೆ ಕಪ್ಪಾದರೆ ಮಲದ ಅಂಶ ಸೇರಿರಬಹುದು. ಒಂದೇ ದಿನ ಎರಡು ಮೂರು ಶೆಡ್‌ಗಳಲ್ಲಿ ನೀರಿನಂಥ ಭೇದಿ ಕಂಡರೆ ಬಾಟಲಿಗೆ ಕಾಯಬೇಡಿ, ಓಆರ್‌ಎಸ್ ಶುರುಮಾಡಿಸಿ, ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್ಕಿ’ಗೆ ತಿಳಿಸಿ, ಎಲ್ಲ ಟ್ಯಾಂಕಿನ ಕ್ಲೋರಿನ್ ಅಂದೇ ನೋಡಿ.

ಸಿಮೆಂಟು ಹಾಕಿ ಕಟ್ಟೆ ಕಟ್ಟಿಸುವ ಆಸೆ ಬಿಡಿ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಶೆಡ್‌ಗಳನ್ನು ನೆಲಸಮ ಮಾಡಿದ ಹಾಗೆ ಎಲ್ಲಿ ಬೇಕಾದರೂ ಆಗಬಹುದು, ಅಥವಾ ಸೈಟಿನಲ್ಲಿ ಕಟ್ಟಡ ಏಳಬಹುದು. ಸ್ಟ್ಯಾಂಡಿನ ಬೋಲ್ಟಿಗೆ ಗ್ರೀಸು ಹಚ್ಚಿಟ್ಟು, ಒಂದು ಸ್ಪ್ಯಾನರ್, ಎರಡು ನಲ್ಲಿ, ಒಂದು ಬಾಲ್ ವಾಲ್ವು, ಟೆಫ್ಲಾನ್ ಟೇಪನ್ನು ನೀರಗಂಟಿಯ ಬಳಿ ಕೊಟ್ಟಿದ್ದರೆ ಟ್ಯಾಂಕು ಖಾಲಿ ಮಾಡಿ ಅರ್ಧ ದಿನದಲ್ಲಿ ಎಲ್ಲವನ್ನೂ ಬಿಚ್ಚಿ ಒಂದು ಟೆಂಪೊದಲ್ಲಿ ಸಾಗಿಸಬಹುದು. 3,000 ಲೀಟರಿನ ಟ್ಯಾಂಕಿಗೆ ಇನ್ನೊಂದು ಟ್ರಿಪ್ಪು ಬೇಕಾಗುತ್ತದೆ.