ಕೊಂಡದ್ದು, ಜೋಡಿಸಿದ್ದು, ಮತ್ತೆ ಜೋಡಿಸಿದ್ದು: ಸಾಗರದ ನಮ್ಮ ಸ್ಟುಡಿಯೊದ ಎಡಿಟಿಂಗ್ ಕಂಪ್ಯೂಟರ್

ಸಾಗರದಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ಫೋಟೊ ಮತ್ತು ವಿಡಿಯೊ ಮಾಡುವ ಸ್ಟುಡಿಯೊ ನಡೆಸುತ್ತ ನನಗೆ ಹದಿನೇಳು ವರ್ಷಗಳಾದವು. 2022ರ ಆಷಾಢದಲ್ಲಿ ನಾನೇ ಜೋಡಿಸಿದ ಎಡಿಟಿಂಗ್ ಕಂಪ್ಯೂಟರ್ ಅಂದಿನಿಂದ ಇಂದಿನವರೆಗೆ ಲಗ್ನದ ದಿನಗಳಲ್ಲಿ ಒಮ್ಮೆಯೂ ಕೆಲಸ ನಿಲ್ಲಿಸಿಲ್ಲ. ಅದನ್ನು ಜೋಡಿಸಲು ಹೊರಟಾಗ ಶಿವಮೊಗ್ಗದ ನಮ್ಮ ವೃತ್ತಿಯ ಮಿತ್ರರು, "ಇಷ್ಟು ಸಣ್ಣ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡು 4ಕೆ ಎಡಿಟಿಂಗ್ ಮಾಡುತ್ತೀರಾ? ಅದೂ ಸಾಗರದಂಥ ಊರಿನಲ್ಲಿ, ಅಸೆಂಬಲ್ ಮಾಡಿದ್ದು ಕೆಟ್ಟರೆ ನೋಡುವವರು ಯಾರು? ಸುಮ್ಮನೆ ಬ್ರ್ಯಾಂಡೆಡ್ ತೆಗೆದುಕೊಳ್ಳಿ" ಎಂದಿದ್ದರು. ಅವರಲ್ಲಿ ಇಬ್ಬರು ಈಗ ತಮಗೂ ಅಂಥದ್ದನ್ನೇ ಮಾಡಿಕೊಡಬೇಕೆಂದು ಕೇಳಿರುವುದರಿಂದ ನಾನು ನಡೆದ ದಾರಿಯನ್ನು, ದಾರಿಯಲ್ಲಿ ಕಳೆದುಕೊಂಡ ಹಣದ ಸಮೇತ, ಬರೆದಿಡುತ್ತಿದ್ದೇನೆ. ಮೊತ್ತಗಳನ್ನೆಲ್ಲ ನೆನಪಿನಿಂದ ಹೇಳುತ್ತಿದ್ದೇನೆ. ಸಾವಿರ, ಎರಡು ಸಾವಿರ ಹೆಚ್ಚುಕಡಿಮೆ ಇರಬಹುದು.

2019ರಲ್ಲಿ ನಾನೂ ಬ್ರ್ಯಾಂಡೆಡ್ ಕಂಪ್ಯೂಟರನ್ನೇ ಕೊಂಡಿದ್ದೆ. ಸುಮಾರು 72 ಸಾವಿರ ಕೊಟ್ಟಿದ್ದರ ಮುಖ್ಯ ಕಾರಣ, ಮನೆ ಬಾಗಿಲಿಗೇ ಬಂದು ರಿಪೇರಿ ಮಾಡಿಕೊಡುವ ಮೂರು ವರ್ಷದ ವಾರಂಟಿ. ಎಂಟನೆಯ ತಿಂಗಳಿಗೆ ಮದರ್‌ಬೋರ್ಡ್ ಹೋಯಿತು. ಮರುದಿನವೇ ಬರುತ್ತೇವೆ ಎಂದು ಕಾಗದದಲ್ಲಿ ಬರೆದಿದ್ದರೂ, ಬಿಡಿಭಾಗ ಬೆಂಗಳೂರಿನಿಂದ ಶಿವಮೊಗ್ಗಕ್ಕೆ, ಅಲ್ಲಿಂದ ತಂತ್ರಜ್ಞರ ಜೊತೆ ಸಾಗರಕ್ಕೆ ಬರುವ ಹೊತ್ತಿಗೆ ಹನ್ನೊಂದು ದಿನ ಕಳೆದಿತ್ತು. ಆ ಹನ್ನೊಂದು ದಿನಗಳಲ್ಲಿ ಎರಡು ಮದುವೆಗಳ ವಿಡಿಯೊ ಕೊಡಬೇಕಿತ್ತು. ಬೇರೆಯವರ ಸ್ಟುಡಿಯೊದಲ್ಲಿ ರಾತ್ರಿ ಹೊತ್ತು ಬಾಡಿಗೆಗೆ ಕುಳಿತು ಮುಗಿಸಿದೆ. ಹೋಗಲಿ, ಇದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಆದರೂ ಹಾಕೋಣವೆಂದು ಕ್ಯಾಬಿನೆಟ್ ಬಿಚ್ಚಿದಾಗ, ಒಳಗಿದ್ದ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) 300 ವ್ಯಾಟಿಗಿಂತ ಕಡಿಮೆಯದು, ಅದರ ಕನೆಕ್ಟರ್ ಆ ಬೋರ್ಡಿಗೆ ಮಾತ್ರ ಹೊಂದುವಂಥದ್ದು, ಕ್ಯಾಬಿನೆಟ್ಟಿನ ಅಳತೆಯೂ ಬೇರೆ ಎಂಬುದು ಗೊತ್ತಾಯಿತು. ಒಂದನ್ನು ಬದಲಿಸಬೇಕೆಂದರೆ ಮೂರನ್ನೂ ಬದಲಿಸಬೇಕು. ರ‍್ಯಾಮ್ ಕೂಡ 8 ಜಿಬಿಯ ಒಂದೇ ಕಡ್ಡಿಯಾಗಿದ್ದು, ಎರಡು ಕಡ್ಡಿ ಹಾಕಿದರೆ ಸಿಗುವ ಎರಡು ಚಾನೆಲ್‌ಗಳ ವೇಗ ಸಿಗುತ್ತಿರಲಿಲ್ಲ.

ಹಾಗಾಗಿ 2020ರ ಧನುರ್ಮಾಸದಲ್ಲಿ ಮೊದಲ ಬಾರಿ ಸ್ವತಃ ಜೋಡಿಸಿದೆ. ತಾಳಗುಪ್ಪದ ಕಡೆಯಿಂದ ಬರುವ ರಾತ್ರಿ ರೈಲು ಹಿಡಿದು, ಬೆಳಗಿನ ಜಾವ ಬೆಂಗಳೂರಿನಲ್ಲಿಳಿದು, ಎಸ್.ಪಿ. ರಸ್ತೆಯ ಅಂಗಡಿಗಳ ಬಾಗಿಲು ತೆರೆಯುವವರೆಗೆ ಕಾದು, ಸಂಜೆಯೊಳಗೆ ಎಲ್ಲವನ್ನೂ ಕೊಂಡು ಮರಳಿದೆ. ಐ5-10400ಎಫ್ ಪ್ರೊಸೆಸರ್, 32 ಜಿಬಿ ಡಿಡಿಆರ್4 ರ‍್ಯಾಮ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 500 ಜಿಬಿ ಎನ್‌ವಿಎಂಇ (ವೇಗದ ಡಿಸ್ಕ್), 4 ಟಿಬಿ ಹಾರ್ಡ್ ಡಿಸ್ಕ್, 650 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್, ಎಲ್ಲ ಸೇರಿ 80 ಸಾವಿರದ ಆಸುಪಾಸು. ಯಂತ್ರ ಚೆನ್ನಾಗಿತ್ತು, ಆದರೆ ಅದರಲ್ಲಿ ನಾನು ಮಾಡಿದ ತಪ್ಪು ಆ 'ಎಫ್' ಅಕ್ಷರದಲ್ಲಿತ್ತು. ಒಂದೂವರೆ ಸಾವಿರ ಉಳಿಯುತ್ತದೆಂದು ಒಳಗ್ರಾಫಿಕ್ಸ್ (ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್) ಇಲ್ಲದ ಪ್ರೊಸೆಸರ್ ತಂದಿದ್ದೆ. 2021ರ ಫೆಬ್ರವರಿಯಲ್ಲಿ ಗ್ರಾಫಿಕ್ಸ್ ಕಾರ್ಡ್ ಸತ್ತಾಗ ಪರದೆಯ ಮೇಲೆ ಒಂದು ಗೆರೆಯೂ ಮೂಡಲಿಲ್ಲ. ವಾರಂಟಿಗೆ ಕಳುಹಿಸಿದ ಕಾರ್ಡ್ ತಿರುಗಿ ಬರಲು ಐದು ವಾರ ಬೇಕಾಯಿತು. ಹೊಸದನ್ನು ಕೊಳ್ಳೋಣವೆಂದರೆ ಆ ದಿನಗಳಲ್ಲಿ ಜಗತ್ತಿನಲ್ಲೆಲ್ಲ ಕಾರ್ಡುಗಳಿಗೆ ಬರ ಬಂದಿತ್ತು. ನಾನು 22 ಸಾವಿರಕ್ಕೆ ತಂದಿದ್ದ ಅದೇ ಕಾರ್ಡಿಗೆ ಎರಡರಷ್ಟು ಬೆಲೆ ಕೇಳುತ್ತಿದ್ದರು. ಸೊರಬದ ಸ್ನೇಹಿತರೊಬ್ಬರ ಹಳೆಯ ಜಿಟಿ 710 ಕಾರ್ಡ್ ಕಡ ತಂದು, ಅದರಲ್ಲಿ ಬರೀ ಆಲ್ಬಂ ಕೆಲಸ ಮಾಡಿಕೊಂಡು ಆ ಐದು ವಾರ ಕಳೆದೆ.

ಆಮೇಲೆ 10 ಬಿಟ್ 4:2:2 ಎಚ್‌ಇವಿಸಿ (ಬಣ್ಣದ ವಿವರ ಹೆಚ್ಚಿರುವ, ಬಿಗಿಯಾಗಿ ಅಡಕಿಸಿದ ವಿಡಿಯೊ) ದಾಖಲಿಸುವ ಕ್ಯಾಮೆರಾ ಬಂತು. ಈ ಕೆಲಸ ಮಾಡುವವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ: ಟೈಮ್‌ಲೈನ್ ಮೇಲೆ ಎರಡು ಕ್ಯಾಮೆರಾಗಳ ಫುಟೇಜ್ ಇಟ್ಟ ಕೂಡಲೇ ಮಾಂಗಲ್ಯಧಾರಣೆಯ ದೃಶ್ಯ ತುಂಡುತುಂಡಾಗಿ ಓಡುತ್ತಿತ್ತು. ಎಲ್ಲರೂ ಹೇಳಿದ್ದು ಒಂದೇ ಮಾತು, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿ. ಎಡಿಟಿಂಗ್‌ಗೆಂದೇ ಸಿದ್ಧಪಡಿಸಿದ ಕಂಪ್ಯೂಟರುಗಳ ಕೊಟೇಶನ್‌ಗಳು ಐದು ಬಂದವು. ಎಲ್ಲವೂ ಒಂದೂವರೆ ಲಕ್ಷದ ಮೇಲೆ, ಎಲ್ಲದರಲ್ಲೂ ಆರ್‌ಟಿಎಕ್ಸ್ 3060 ಅಥವಾ 3070.

ಈ ಬಾರಿ ಆತುರಪಡದೆ ಒಂದು ಕೆಲಸ ಮಾಡಿದೆ, ನನ್ನ ಇಡೀ ವಿಧಾನ ಎಂದರೆ ಅಷ್ಟೇ. 100 ಪುಟದ ಒಂದು ಶಾಲಾ ನೋಟ್‌ಬುಕ್ಕನ್ನು ಕೀಬೋರ್ಡ್ ಪಕ್ಕದಲ್ಲಿಟ್ಟು, ಎರಡು ತಿಂಗಳ ಕಾಲ, ಕಂಪ್ಯೂಟರಿನಿಂದಾಗಿ ನಾನು ಅಥವಾ ನಮ್ಮ ಹುಡುಗ ಕೈಕಟ್ಟಿ ಕೂರಬೇಕಾದಾಗಲೆಲ್ಲ ಎಷ್ಟು ನಿಮಿಷ, ಯಾವುದಕ್ಕಾಗಿ ಎಂದು ಬರೆಯುತ್ತ ಹೋದೆವು. ಕೊನೆಯಲ್ಲಿ ಕೂಡಿಸಿ ನೋಡಿದರೆ ಸುಮಾರು 65 ಗಂಟೆಗಳು. ಅದರಲ್ಲಿ ನಲವತ್ತರ ಹತ್ತಿರ ಪ್ರಾಕ್ಸಿ (ಎಡಿಟಿಂಗ್‌ಗೆಂದು ಮಾಡುವ ಹಗುರ ನಕಲು) ತಯಾರಿಸುವುದಕ್ಕೆ ಮತ್ತು ತಡೆತಡೆದು ಓಡುವ ಫುಟೇಜನ್ನು ಮತ್ತೆ ಮತ್ತೆ ನೋಡುವುದಕ್ಕೆ ಹೋಗಿತ್ತು. ಹದಿನೈದರಷ್ಟು ಕ್ಯಾಮೆರಾ ಕಾರ್ಡಿನಿಂದ ಹಾರ್ಡ್ ಡಿಸ್ಕಿಗೆ ನಕಲು ಮಾಡುವುದಕ್ಕೆ. ಎಲ್ಲರೂ ಯಾವುದಕ್ಕಾಗಿ ದೊಡ್ಡ ಕಾರ್ಡ್ ಕೊಳ್ಳುತ್ತಾರೋ ಆ ಎಕ್ಸ್‌ಪೋರ್ಟ್ (ಮುಗಿದ ವಿಡಿಯೊವನ್ನು ಒಂದು ಫೈಲಾಗಿ ಹೊರತೆಗೆಯುವುದು) ಲೆಕ್ಕದಲ್ಲಿ ಎರಡು ಗಂಟೆಯೂ ಇರಲಿಲ್ಲ, ಏಕೆಂದರೆ ನಾವು ಎಕ್ಸ್‌ಪೋರ್ಟ್ ಹಾಕುವುದು ರಾತ್ರಿ ಅಂಗಡಿ ಮುಚ್ಚುವಾಗ. ಅದು ಎರಡು ಗಂಟೆ ತೆಗೆದುಕೊಂಡರೂ ಐದು ಗಂಟೆ ತೆಗೆದುಕೊಂಡರೂ ಬೆಳಿಗ್ಗೆ ಫೈಲ್ ಸಿದ್ಧವಾಗಿರುತ್ತದೆ.

ಕೊಳ್ಳುವುದೋ ಜೋಡಿಸುವುದೋ ಎಂಬ ಪ್ರಶ್ನೆಗೆ ಆ ನೋಟ್‌ಬುಕ್ ಉತ್ತರ ಕೊಟ್ಟಿತು. ನನಗೆ ಬೇಕಾಗಿದ್ದುದು 4:2:2 ಫುಟೇಜನ್ನು ಹಾರ್ಡ್‌ವೇರ್‌ನಲ್ಲೇ ಡಿಕೋಡ್ ಮಾಡುವ, ಅಂದರೆ ಅಡಕಿಸಿದ್ದನ್ನು ಬಿಡಿಸುವ ಯಂತ್ರ. ಆ ಕೆಲಸವನ್ನು ಅಂದಿನ ಆರ್‌ಟಿಎಕ್ಸ್ ಕಾರ್ಡುಗಳು ಮಾಡುತ್ತಿರಲಿಲ್ಲ. ಎನ್ವಿಡಿಯಾ ಕಾರ್ಡುಗಳಿಗೆ ಆ ಸಾಮರ್ಥ್ಯ ಬಂದದ್ದು 2025ರ 50ರ ಸರಣಿಯಲ್ಲಿ. ಆದರೆ ಇಂಟೆಲ್‌ನ 11ನೆಯ ತಲೆಮಾರಿನಿಂದೀಚೆಗಿನ ಪ್ರೊಸೆಸರುಗಳ ಒಳಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ ಎಂಬ ವಿಡಿಯೊ ಭಾಗ ಎಚ್‌ಇವಿಸಿ 4:2:2ನ್ನು ಸಲೀಸಾಗಿ ಬಿಡಿಸುತ್ತದೆ. ನನ್ನ ಕೈಯಲ್ಲಿದ್ದ ಐದು ಕೊಟೇಶನ್‌ಗಳಲ್ಲಿ ಮೂರರಲ್ಲಿ ಇದ್ದದ್ದು ಒಳಗ್ರಾಫಿಕ್ಸ್ ಇಲ್ಲದ ಎಫ್ ಪ್ರೊಸೆಸರ್. ಒಂದೂವರೆ ಲಕ್ಷ ಕೊಟ್ಟು, ನನಗೆ ಬೇಕಾದ ಒಂದೇ ಒಂದು ಭಾಗವನ್ನು ಬಿಟ್ಟು ಉಳಿದೆಲ್ಲವನ್ನೂ ಮನೆಗೆ ತರುತ್ತಿದ್ದೆ.

ಐ5-12600ಕೆ ಆರಿಸಿಕೊಂಡೆ. 12400ಕ್ಕೆ ಆರೇಳು ಸಾವಿರ ಕಡಿಮೆಯಾಗುತ್ತಿತ್ತು, ಆದರೆ ಅದರ ಒಳಗ್ರಾಫಿಕ್ಸ್ ಆದ ಯುಎಚ್‌ಡಿ 730ರಲ್ಲಿ ವಿಡಿಯೊ ಎಂಜಿನ್ ಒಂದೇ. 12500 ಮತ್ತು ಅದರ ಮೇಲಿನವುಗಳ ಯುಎಚ್‌ಡಿ 770ರಲ್ಲಿ ಎರಡು. ಎರಡು ಕ್ಯಾಮೆರಾ ಇಟ್ಟು ಎಡಿಟ್ ಮಾಡುವವರು ಈ ಮಾತನ್ನು ಓದದೆ ಮುಂದೆ ಹೋಗಬಾರದು. ಪ್ರೊಸೆಸರ್ 26 ಸಾವಿರ, ಡಿಡಿಆರ್4 ಹಾಕಬಹುದಾದ ಬಿ660 ಬೋರ್ಡ್ 14 ಸಾವಿರ, ಎರಡನೆಯ ಎನ್‌ವಿಎಂಇ 8 ಸಾವಿರ. ಒಟ್ಟು 48 ಸಾವಿರ. ರ‍್ಯಾಮ್, ಎಸ್‌ಎಂಪಿಎಸ್, ಕ್ಯಾಬಿನೆಟ್, ಡಿಸ್ಕ್, 1660 ಸೂಪರ್ ಎಲ್ಲವೂ ಹಳೆಯ ಯಂತ್ರದಿಂದಲೇ ಬಂದವು. ಹಳೆಯ ಪ್ರೊಸೆಸರ್ ಮತ್ತು ಬೋರ್ಡ್ ಮಾರಿ 13 ಸಾವಿರ ಬಂದದ್ದನ್ನು ಕಳೆದರೆ ಕೈಯಿಂದ ಹೋದದ್ದು 35 ಸಾವಿರ. 2019ರ ಬ್ರ್ಯಾಂಡೆಡ್ ಯಂತ್ರದಿಂದ ಮುಂದಿನದಕ್ಕೆ ನಾನು ಸಾಗಿಸಿಕೊಳ್ಳಲು ಆದದ್ದು ಕೀಬೋರ್ಡ್ ಒಂದೇ.

ಅಲ್ಲಿಯೂ ಎರಡು ಕಡೆ ಎಡವಿದೆ. ಹೊಸ ಪ್ರೊಸೆಸರ್ ಕೂರುವ ಎಲ್‌ಜಿಎ 1700 ಸಾಕೆಟ್ಟಿನ ತೂತುಗಳ ಅಂತರ ಹಳೆಯದಕ್ಕಿಂತ ಮೂರು ಮಿಲಿಮೀಟರ್ ಹೆಚ್ಚು ಎಂಬುದನ್ನು ಗಮನಿಸದೆ ಹಳೆಯ ಕೂಲರ್ ಹಾಕಲು ಹೋದೆ. ಕೆ ಪ್ರೊಸೆಸರಿನ ಪೆಟ್ಟಿಗೆಯಲ್ಲಿ ಕೂಲರ್ ಕೊಡುವುದಿಲ್ಲವಾದ್ದರಿಂದ, ಹೊಂದುವ ಬ್ರ್ಯಾಕೆಟ್ ಕೊರಿಯರ್‌ನಲ್ಲಿ ಬರುವವರೆಗೆ ಒಂದು ವಾರ ಎಲ್ಲವೂ ಮೇಜಿನ ಮೇಲೆ ಬಟ್ಟೆ ಹೊದ್ದು ಕೂತಿತ್ತು. ಎರಡನೆಯದು ಇದಕ್ಕಿಂತ ನೋವಿನದು. ಜೋಡಿಸಿ, ಫುಟೇಜ್ ಹಾಕಿ ನೋಡಿದರೆ ಅದೇ ತುಂಡುತುಂಡು ಓಟ. ಎರಡು ದಿನ ಊಟ ರುಚಿಸಲಿಲ್ಲ. ಶಿವಮೊಗ್ಗದವರು ಫೋನ್ ಮಾಡಿ, "ನಾವು ಮೊದಲೇ ಹೇಳಿದ್ದೆವಲ್ಲ" ಎಂದರು. ಮೂರನೆಯ ದಿನ ಗೊತ್ತಾಯಿತು, ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವುದನ್ನು ಕಂಡ ಕೂಡಲೇ ಬೋರ್ಡ್ ಒಳಗ್ರಾಫಿಕ್ಸನ್ನು ಮುಚ್ಚಿಬಿಡುತ್ತದೆ. ಬಯೋಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿಗೆ) ಹೋಗಿ ಐಜಿಪಿಯು ಮಲ್ಟಿ ಮಾನಿಟರ್ ಎಂಬುದನ್ನು ತೆರೆದು, ಇಂಟೆಲ್‌ನ ಡ್ರೈವರ್ ಹಾಕಿ, ನಮ್ಮ ಎಡಿಟಿಂಗ್ ತಂತ್ರಾಂಶವಾದ ಪ್ರೀಮಿಯರ್‌ನ ಮೀಡಿಯಾ ಆಯ್ಕೆಗಳಲ್ಲಿ ಡಿಕೋಡಿಂಗ್ ಇಂಟೆಲ್‌ಗೆ ಎಂದು ಗುರುತು ಹಾಕಿ, ಮತ್ತೆ ತೆರೆದೆ. ಎರಡೂ ಕ್ಯಾಮೆರಾಗಳ ಫುಟೇಜ್ ಪ್ರಾಕ್ಸಿ ಇಲ್ಲದೆ, ಒಂದು ಫ್ರೇಮ್ ಬಿಡದೆ ಓಡಿತು. ಆ ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತು. ಮನೆಯವರನ್ನು ಎಬ್ಬಿಸಿ ಕರೆದು ತೋರಿಸಿದೆ.

ಮಲೆನಾಡಿನಲ್ಲಿ ಕಂಪ್ಯೂಟರ್ ಉಳಿಯುವುದು ವಿದ್ಯುತ್ತಿನ ಮೇಲೆ ಎಂಬುದನ್ನು ಹೇಳದಿದ್ದರೆ ಈ ಲೆಕ್ಕ ಪೂರ್ತಿಯಾಗುವುದಿಲ್ಲ. ಮೊದಲು ನನ್ನಲ್ಲಿದ್ದ 600 ವಿಎ ಯುಪಿಎಸ್ ಕೊಡುವುದು ಮೆಟ್ಟಿಲಿನಾಕಾರದ ಅಲೆ. ಹೊಸ ಎಸ್‌ಎಂಪಿಎಸ್‌ನಲ್ಲಿ ಅಂಥ ಅಲೆಗೆ ಸುಲಭಕ್ಕೆ ಹೊಂದದ ಆ್ಯಕ್ಟಿವ್ ಪಿಎಫ್‌ಸಿ ಎಂಬ ಏರ್ಪಾಡು ಇದ್ದುದರಿಂದ, ಕರೆಂಟ್ ಹೋದ ಕ್ಷಣವೇ ಕಂಪ್ಯೂಟರೂ ಆರುತ್ತಿತ್ತು. ಶುದ್ಧ ಸೈನ್ ಅಲೆಯ ಯುಪಿಎಸ್‌ಗೆ 14 ಸಾವಿರ ಹಾಕಿದ ಮೇಲೆ ಅದು ನಿಂತಿತು. ಇನ್ನೊಂದು, ಅರ್ಥಿಂಗ್. ಮಲ್ಟಿಮೀಟರ್ ಹಿಡಿದು ನ್ಯೂಟ್ರಲ್ ಮತ್ತು ಅರ್ಥ್ ನಡುವೆ ನೋಡಿದರೆ 14 ವೋಲ್ಟ್ ತೋರಿಸಿತು. ಅಂಗಡಿಯ ಹಿಂದೆ ಗುಂಡಿ ತೋಡಿಸಿ, ಇದ್ದಿಲು ಮತ್ತು ಉಪ್ಪು ತುಂಬಿಸಿ, ಹೊಸ ಪೈಪ್ ಇಳಿಸಿದ್ದಕ್ಕೆ ಆರು ಸಾವಿರವಾಯಿತು. ವೋಲ್ಟೇಜ್ ಎರಡಕ್ಕೆ ಇಳಿಯಿತು. 2019ರ ಯಂತ್ರದ ಬೋರ್ಡ್ ಸತ್ತದ್ದಕ್ಕೂ ಈ ಅರ್ಥಿಂಗ್ ಕಾರಣವಾಗಿದ್ದಿರಬಹುದೆಂದು ನನಗೆ ಈಗ ಅನ್ನಿಸುತ್ತದೆ. ಏಪ್ರಿಲ್–ಮೇ ತಿಂಗಳ ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ತೆಗೆದರೆ ಸಾಲದು, ಇಂಟರ್‌ನೆಟ್ಟಿನ ಲ್ಯಾನ್ ತಂತಿಯನ್ನೂ ಕಿತ್ತಿಡಬೇಕು.

ತೇವಕ್ಕೂ ಒಂದು ಪ್ರಯೋಗ ಮಾಡಿದೆ. ಲೆನ್ಸುಗಳ ಕಪಾಟಿನಲ್ಲಿ ಬಲ್ಬ್ ಹಚ್ಚಿಡುವ, ಸಿಲಿಕಾ ಜೆಲ್ ಇಡುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಅದೇ ಜೆಲ್ ಪೊಟ್ಟಣಗಳನ್ನು ಕ್ಯಾಬಿನೆಟ್ಟಿನೊಳಗೆ ನೇತುಹಾಕಿದೆ. ಫ್ಯಾನುಗಳು ಹೊರಗಿನ ತೇವದ ಗಾಳಿಯನ್ನೇ ಎಳೆಯುವುದರಿಂದ ಮೂರೇ ದಿನದಲ್ಲಿ ಜೆಲ್ ಬಣ್ಣ ತಿರುಗಿತು. ಕೊನೆಗೆ ಫಲ ಕೊಟ್ಟದ್ದು, ಕೆಲಸವಿರಲಿ ಬಿಡಲಿ, ಮಳೆಗಾಲದಲ್ಲಿ ದಿನಕ್ಕೊಂದು ಗಂಟೆ ಯಂತ್ರ ಓಡಿಸುವುದು. ಇದರ ಜೊತೆಗೆ ಗಾಳಿ ಒಳಬರುವ ಕಡೆ ನಾನು ಮಾಡಿಕೊಂಡ ಒಂದು ಏರ್ಪಾಡಿದೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಹಾಗೆಯೇ ಎಸ್.ಪಿ. ರಸ್ತೆಯಲ್ಲಿ ಯಾವ ಅಂಗಡಿ, ಯಾವ ಹೊತ್ತಿಗೆ ಹೋದರೆ ಕೊನೆಯ ಬೆಲೆ ಸಿಗುತ್ತದೆ ಎಂಬುದು ಎಂಟು ಸಲ ರೈಲು ಹತ್ತಿ ನಾನು ಕಲಿತದ್ದು, ಅದೂ ನನ್ನಲ್ಲೇ ಇರಲಿ. ಆದರೆ ಬಿಲ್ಲಿನ ವಿಷಯ ಮುಚ್ಚಿಡಬಾರದು: 'ಅಸೆಂಬಲ್ಡ್ ಕಂಪ್ಯೂಟರ್' ಎಂದು ಒಂದೇ ಸಾಲಿನಲ್ಲಿ ಬರೆದ ಬಿಲ್ ಒಪ್ಪಬೇಡಿ. ಪ್ರತಿ ಭಾಗಕ್ಕೂ ಬೇರೆ ಸಾಲು, ಸೀರಿಯಲ್ ಸಂಖ್ಯೆ, ನಿಮ್ಮ ಜಿಎಸ್‌ಟಿ ಸಂಖ್ಯೆ ಇರಲಿ. 18 ಪ್ರತಿಶತ ತೆರಿಗೆಯನ್ನು ನೀವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು, ಮೂರು ವರ್ಷವಾದ ಮೇಲೆ ಎಸ್‌ಎಂಪಿಎಸ್ ಕೆಟ್ಟರೆ ಅದರ ಐದು ವರ್ಷದ ವಾರಂಟಿ ಕೇಳಲೂ ಅದೇ ಆಧಾರ.

ಎಲ್ಲರೂ ಜೋಡಿಸಿಯೇ ತೀರಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಮುಂಗಟ್ಟೆಯಲ್ಲಿ ಬಿಲ್ ಬರೆಯಲು, ನುಡಿ ತಂತ್ರಾಂಶದಲ್ಲಿ ಆಮಂತ್ರಣ ಪತ್ರ ಟೈಪ್ ಮಾಡಲು ಇರುವುದು ಯಾವುದೋ ಕಚೇರಿಯಿಂದ ಬಂದ, ರೀಫರ್ಬಿಶ್ ಮಾಡಿದ ಸಣ್ಣ ಡಬ್ಬಿ, ಸುಮಾರು 17 ಸಾವಿರ. ಅಲ್ಲಿ ನೋಟ್‌ಬುಕ್ ಇಟ್ಟಿದ್ದರೂ ಕಾಯುವ ನಿಮಿಷಗಳೇ ಸಿಗುತ್ತಿರಲಿಲ್ಲ. ಇಂಟೆಲ್‌ನ 8ನೆಯ ತಲೆಮಾರಿನ ಪ್ರೊಸೆಸರ್ ಇರುವುದನ್ನೇ ಹುಡುಕಿ ಕೊಂಡೆ, ಏಕೆಂದರೆ ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ತೆರಿಗೆ ಲೆಕ್ಕ ಬರೆಯುವ ನಮ್ಮ ಭಾವನವರು ಕೇಳಿದಾಗಲೂ, "ಭಾವ, ನೀವು ಬ್ರ್ಯಾಂಡೆಡ್ಡೇ ತಗೊಳ್ಳಿ" ಎಂದೆ.

ಈಗ ಶಿವಮೊಗ್ಗದ ಆ ಇಬ್ಬರಿಗೆ ಮಾಡಿಕೊಡಬೇಕಾಗಿರುವಾಗ ಲೆಕ್ಕ ಬೇರೆಯಾಗಿದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರುಗಳ ಬೇಡಿಕೆಯೇ ಅದಕ್ಕೆ ಮುಖ್ಯ ಕಾರಣ. ಹೊಸದಾಗಿ ಡಿಡಿಆರ್5 ಕೊಂಡು ಜೋಡಿಸಲು ಹೊರಟರೆ, ಹಳೆಯ ದಾಸ್ತಾನಿನ ಸಿದ್ಧ ಕಂಪ್ಯೂಟರ್ ಅಗ್ಗವಾಗುವ ಸಂದರ್ಭವೂ ಇದೆ. ಒಬ್ಬರ ಬಳಿ ಹಳೆಯ ಯಂತ್ರದಲ್ಲಿ 32 ಜಿಬಿ ಡಿಡಿಆರ್4 ಇದೆ. ಅವರಿಗೆ ಅದನ್ನೇ ಉಳಿಸಿಕೊಂಡು, ಡಿಡಿಆರ್4 ಹಿಡಿಸುವ ಬೋರ್ಡಿನ ಜೊತೆ 12 ಅಥವಾ 13ನೆಯ ತಲೆಮಾರಿನ ಪ್ರೊಸೆಸರ್ ಹುಡುಕುತ್ತಿದ್ದೇನೆ. ಇನ್ನೊಬ್ಬರಿಗೆ ನೋಟ್‌ಬುಕ್ ಕೊಟ್ಟು ಕಳುಹಿಸಿದ್ದೇನೆ; ಎರಡು ತಿಂಗಳು ತುಂಬಿಸಿಕೊಂಡು ಬಂದ ಮೇಲೆ ಕೊಳ್ಳುವುದೋ ಜೋಡಿಸುವುದೋ ನೋಡೋಣವೆಂದಿದ್ದೇನೆ.