ಪ್ರೊಪೋಸಲ್ ಬರೆಯೋವಾಗ ನಾನು ಮೊದ್ಲು ಸಮಸ್ಯೆ ಮೇಲೇ ಕೂರ್ತೀನಿ

ಆಫೀಸಲ್ಲಿ ಏನಾದ್ರೂ ಸರಿ ಮಾಡಿಸ್ಬೇಕು ಅಂದ್ರೆ ಪ್ರೊಪೋಸಲ್ ಬರೆಯೋ ಕೆಲಸ ಹೆಚ್ಚಾಗಿ ನನಗೇ ಬರುತ್ತೆ. ನಾನು ಯಾವತ್ತೂ ಪರಿಹಾರದಿಂದ ಶುರು ಮಾಡಲ್ಲ. ಹೊಸ ಸಾಫ್ಟ್‌ವೇರ್ ಬೇಕು, ಇನ್ನೊಬ್ರು ಸ್ಟಾಫ್ ಬೇಕು ಅಂತ ಮೊದಲ್ನೇ ಸಾಲಲ್ಲೇ ಬರೆದ್ರೆ ಓದೋರ ಕಣ್ಣು ಸೀದಾ ಖರ್ಚಿನ ಕಡೆ ಹೋಗುತ್ತೆ, ಸಮಸ್ಯೆ ಒಂದಿದೆ ಅಂತಾನೇ ಅವರಿಗಿನ್ನೂ ಅನ್ಸಿರಲ್ಲ.

ಒಂದು ಉದಾಹರಣೆ ಹೇಳ್ತೀನಿ. ನಮ್ಮಲ್ಲಿ ಬಂದ ಮಾಲನ್ನ ಗೇಟಲ್ಲಿ ಪುಸ್ತಕಕ್ಕೆ ಬರ್ಕೋತಿದ್ರು, ಆಮೇಲೆ ಅದನ್ನೇ ಅಕೌಂಟ್ಸ್‌ನೋರು ಎಕ್ಸೆಲ್‌ಗೆ ಹಾಕ್ತಿದ್ರು, ಎರಡೂ ತಾಳೆ ಆಗ್ತಾನೇ ಇರ್ಲಿಲ್ಲ. 'ಸಮನ್ವಯದ ಕೊರತೆಯಿಂದ ದಕ್ಷತೆ ಕುಂಠಿತವಾಗಿದೆ' ಅಂತ ಬರೆದ್ರೆ ಅದು ಯಾವ ಆಫೀಸಿಗಾದ್ರೂ ಹೊಂದೋ ಮಾತು, ಯಾರಿಗೂ ನಾಟಲ್ಲ. ನಾನು ಬರೆದಿದ್ದು ಇಷ್ಟೇ: 'ಬಿಲ್ ಬಂದಾಗ ಯಾವ ಲೆಕ್ಕ ಸರಿ ಅಂತ ಗೊತ್ತಾಗದೆ ಪೇಮೆಂಟ್ ನಿಲ್ಲುತ್ತೆ, ಪೇಮೆಂಟ್ ನಿಂತ್ರೆ ಮುಂದಿನ ಲೋಡ್ ಬರಲ್ಲ.' ಜೊತೆಗೆ ಒಂದೇ ದಿನದ ಗೇಟ್ ಪುಸ್ತಕದ ಹಾಳೆ, ಎಕ್ಸೆಲ್ ಶೀಟ್ ಎರಡನ್ನೂ ಅಕ್ಕಪಕ್ಕ ಇಟ್ಟು ಜೆರಾಕ್ಸ್ ಮಾಡಿಸಿ, ತಾಳೆ ಆಗದ ಸಾಲುಗಳಿಗೆ ಕೆಂಪು ಗೆರೆ ಹಾಕಿದೆ. ಮೀಟಿಂಗಲ್ಲಿ ಎಲ್ರೂ ಮಾತಾಡಿದ್ದು ಆ ಹಾಳೆ ಬಗ್ಗೇನೇ.

ನಾನು ಜಾಸ್ತಿ ಒದ್ದಾಡೋ ಜಾಗ ಅಂದ್ರೆ 'ಹೀಗೇ ಬಿಟ್ರೆ ಏನಾಗುತ್ತೆ' ಅನ್ನೋ ಭಾಗ. ಈಗ ನಡೀತಿರೋದಕ್ಕೆ ಖರ್ಚೇ ಇಲ್ಲ ಅಂತ ಎಲ್ರೂ ಅಂದ್ಕೊಂಡಿರ್ತಾರೆ. ಇದು ಬರೀ ಸೋಮಾರಿತನ ಅಲ್ಲ, ಯಾವುದಾದ್ರೂ ಒಂದು ಆಯ್ಕೆನ 'ಈಗಾಗ್ಲೇ ಇರೋದು' ಅಂತ ತೋರ್ಸಿದ್ರೆ ಜನ ಅದನ್ನೇ ಹೆಚ್ಚಾಗಿ ಹಿಡ್ಕೋತಾರೆ ಅಂತ ಸ್ಯಾಮ್ಯುಯೆಲ್ಸನ್ ಮತ್ತೆ ಝೆಕ್‌ಹೌಸರ್ ಅನ್ನೋ ಅರ್ಥಶಾಸ್ತ್ರಜ್ಞರು 1988ರಲ್ಲೇ ಪ್ರಯೋಗ ಮಾಡಿ ತೋರ್ಸಿದಾರೆ. ಅದಕ್ಕೂ ಮುಂಚೆ 1979ರಲ್ಲಿ ಕಾನಮನ್ ಮತ್ತೆ ಟ್ವರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು ಹೇಳಿದ್ದು, ಅಷ್ಟೇ ಮೊತ್ತದ ಲಾಭಕ್ಕಿಂತ ನಷ್ಟ ಮನಸ್ಸಿಗೆ ಜೋರಾಗಿ ತಟ್ಟುತ್ತೆ ಅಂತ. ಹಾಗಾಗಿ ನಾನು 'ಇಷ್ಟು ಉಳಿಯುತ್ತೆ' ಅನ್ನೋದಕ್ಕಿಂತ 'ತಿಂಗಳು ತಿಂಗಳು ಇಷ್ಟು ಕೈಬಿಟ್ಟು ಹೋಗ್ತಿದೆ' ಅಂತ ಬರೀತೀನಿ. ಆದ್ರೆ ಲೆಕ್ಕ ಮಾತ್ರ ಅಪ್ಪಟ ನಿಜ ಇರ್ಬೇಕು, ಹೆದರ್ಸೋಕೆ ಅಂತ ಉಬ್ಬಿಸಿದ್ದು ಒಂದೇ ಒಂದು ಅಂಕಿ ಸಿಕ್ಕಿಬಿದ್ರೂ ಉಳಿದಿದ್ದನ್ನ ಯಾರೂ ನಂಬಲ್ಲ.

ಆಮೇಲೆ, ಬೇಡ ಅನ್ನೋರ ಹತ್ರ ಬರೆಯೋಕೆ ಮುಂಚೇನೇ ಹೋಗ್ತೀನಿ. ಪುಸ್ತಕದ ಬದ್ಲು ಗೇಟಲ್ಲೇ ಕಂಪ್ಯೂಟರ್‌ಗೆ ಹಾಕೋಣ ಅನ್ನೋದು ನನ್ನ ಪರಿಹಾರ. ಅದಕ್ಕೆ ಗೇಟಿನೋರು ಹೇಳಿದ್ರು, ಲಾರಿ ಸಾಲಾಗಿ ನಿಂತಾಗ ಟೈಪ್ ಮಾಡ್ಕೊಂಡು ಕೂರೋಕಾಗುತ್ತಾ ಸಾರ್ ಅಂತ. ನ್ಯಾಯವಾದ ಪ್ರಶ್ನೆ. ಅದನ್ನ ಅವರ ಮಾತಲ್ಲೇ ಪ್ರೊಪೋಸಲ್‌ಗೆ ಹಾಕಿ, ಕೆಳಗೆ ಉತ್ತರ ಬರೆದೆ: ಮಾಲಿನ ಹೆಸರುಗಳು ಲಿಸ್ಟಲ್ಲಿ ಮೊದ್ಲೇ ಇರುತ್ತೆ, ಗೇಟಲ್ಲಿ ಎಣಿಕೆ ಮಾತ್ರ ಹಾಕಿದ್ರೆ ಸಾಕು. ಸುಮ್ನೆ ಇನ್ನೊಂದ್ಸಲ ಚೆಕ್ ಮಾಡೋರನ್ನ ಇಟ್ರೆ ಸಾಲದಾ ಅನ್ನೋದಕ್ಕೂ ಉತ್ತರ ಇತ್ತು, ಅದ್ರಿಂದ ತಪ್ಪು ಬೇಗ ಸಿಗುತ್ತೆ ಅಷ್ಟೇ, ಆಗೋದು ನಿಲ್ಲಲ್ಲ.

ಕೊನೇಲಿ 'ದಯವಿಟ್ಟು ಪರಿಶೀಲಿಸಿ' ಅಂತ ಬಿಡಲ್ಲ. ಒಂದು ಗೇಟಲ್ಲಿ ಒಂದು ತಿಂಗಳು ಟ್ರಯಲ್, ಯಾರ ಸಹಿ ಬೇಕು, ಯಾವ ತಾರೀಖಿನೊಳಗೆ, ತಾಳೆ ಆಗದ ಸಾಲು ಕಮ್ಮಿ ಆಗ್ಲಿಲ್ಲ ಅಂದ್ರೆ ವಾಪಸ್ ಹಳೇ ಪದ್ಧತಿ, ಇಷ್ಟನ್ನೂ ಬರೆದು ಕೊಡ್ತೀನಿ.