ಯುಐ ಕಡತಕ್ಕೆ ಗುರುತು ಸಿಗದ ವಿಜೆಟ್: ನನ್ನ ಅನುಭವ

ಕಲಬುರಗಿಯ ದಾಲ್ ಮಿಲ್ಲೊಂದಕ್ಕೆ ತೊಗರಿ ತೂಕದ ಚೀಟಿ ಮುದ್ರಿಸುವ ತಂತ್ರಾಂಶವನ್ನು ಸಿ ಭಾಷೆಯಲ್ಲಿ, ವಿಂಡೋ, ಗುಂಡಿಗಳಂಥವನ್ನು ಕಟ್ಟಿಕೊಡುವ ಜಿಟಿಕೆ 4 ಲೈಬ್ರರಿ ಬಳಸಿ ಬರೆಯುತ್ತಿದ್ದೆ. ಕ್ವಿಂಟಾಲ್ ಮತ್ತು ಕಿಲೋಗಳನ್ನು ಒಟ್ಟಿಗೆ ತೆಗೆದುಕೊಳ್ಳುವ ‘ತೂಕ್‌ಎಂಟ್ರಿ’ ಎಂಬ ನನ್ನದೇ ವಿಜೆಟ್ಟನ್ನು (ಪರದೆಯ ಮೇಲಿನ ಪೆಟ್ಟಿಗೆಯನ್ನು) ಮುಖ್ಯ ವಿಂಡೋದ ಯುಐ ಕಡತದಲ್ಲಿ, ಅಂದರೆ ವಿಂಡೋದಲ್ಲಿ ಏನೇನು ಇರಬೇಕೆಂದು ಬರೆದಿಡುವ ಕಡತದಲ್ಲಿ, ಸೇರಿಸಿದ್ದೆ. ಅದುವರೆಗೆ ಸರಿಯಾಗಿ ತೆರೆಯುತ್ತಿದ್ದ ವಿಂಡೋ, ಪರೀಕ್ಷೆಗೆಂದು ಬರೆದಿದ್ದ ಒಂದು ಸಾಲನ್ನು ಅಳಿಸಿದ ಕೂಡಲೇ ಖಾಲಿಯಾಗಿ ತೆರೆದುಕೊಂಡಿತು. ಟರ್ಮಿನಲ್‌ನಲ್ಲಿ ‘ಇನ್‌ವ್ಯಾಲಿಡ್ ಆಬ್ಜೆಕ್ಟ್ ಟೈಪ್’ ಎಂಬ ದೋಷ ಕಾಣಿಸಿತು.

ಹೆಸರಿನ ಕಾಗುಣಿತವನ್ನೇ ಅನುಮಾನಿಸಿ ಒಂದು ಸಂಜೆಯನ್ನು ವ್ಯರ್ಥ ಮಾಡಿದೆ. ಕಾರಣ ಬೇರೆಯೇ ಇತ್ತು. ಹೊಸ ಬಗೆಯ ವಿಜೆಟ್ಟಿಗೆ, ಅಂದರೆ ಕ್ಲಾಸಿಗೆ, ಬಳಸುವ ಜಿ_ಡಿಫೈನ್_ಟೈಪ್ ಮ್ಯಾಕ್ರೋ (ಕೋಡನ್ನು ತಾನೇ ಬರೆದುಕೊಡುವ ಸಾಲು) ನಮಗೆ ಗೆಟ್_ಟೈಪ್ ಫಂಕ್ಷನ್ನನ್ನು ಬರೆದುಕೊಡುತ್ತದೆಯೇ ಹೊರತು ಕ್ಲಾಸನ್ನು ತಾನೇ ನೋಂದಾಯಿಸುವುದಿಲ್ಲ; ಆ ಫಂಕ್ಷನ್ನನ್ನು ಮೊದಲ ಬಾರಿ ಕರೆದಾಗ ನೋಂದಣಿ ನಡೆಯುತ್ತದೆ, ಅದಾದ ಮೇಲೆ ಕ್ಲಾಸನ್ನು ಸಜ್ಜುಗೊಳಿಸುವ ಕ್ಲಾಸ್_ಇನಿಟ್ ಒಂದೇ ಸಲ, ವಿಜೆಟ್ಟನ್ನು ಸಜ್ಜುಗೊಳಿಸುವ ಇನಿಟ್ ಮಾತ್ರ ಪ್ರತಿ ವಿಜೆಟ್ಟಿಗೂ ಒಂದೊಂದು ಸಲ ಓಡುತ್ತದೆ. ಯುಐ ಕಡತದಲ್ಲಿ ಇರುವುದು ಬರೀ ಹೆಸರು; ನೋಂದಣಿಯಾಗದಿದ್ದರೆ ಆ ಹೆಸರು ಯಾವುದರದೆಂದು ಜಿಟಿಕೆಗೆ ಗುರುತು ಸಿಗಲಿಲ್ಲ. ನಾನು ಅಳಿಸಿದ ಸಾಲು ಒಂದು ತೂಕ್‌ಎಂಟ್ರಿಯನ್ನು ಕೋಡಿನಿಂದಲೇ ಸೃಷ್ಟಿಸುತ್ತಿದ್ದುದರಿಂದ, ನನಗೆ ಅರಿವಿಲ್ಲದೆಯೇ ಈ ನೋಂದಣಿಯನ್ನೂ ಮಾಡಿಸುತ್ತಿತ್ತು. ಸಾಲದ್ದಕ್ಕೆ ವಿಜೆಟ್ ಸ್ಟ್ಯಾಟಿಕ್ ಲೈಬ್ರರಿಯಲ್ಲಿತ್ತು, ಅಂದರೆ ಬೇಕಾದ ಭಾಗವನ್ನಷ್ಟೇ ಪ್ರೋಗ್ರಾಮಿಗೆ ಎತ್ತಿಕೊಳ್ಳುವ ಕಡತಗಳ ಕಟ್ಟಿನಲ್ಲಿತ್ತು. ಯಾರೂ ಹೆಸರೆತ್ತದ ಆ ಆಬ್ಜೆಕ್ಟ್ ಕಡತವನ್ನು, ಭಾಗಗಳನ್ನು ಜೋಡಿಸುವ ಲಿಂಕರ್, ನನ್ನ ಪ್ರೋಗ್ರಾಮಿಗೆ ಸೇರಿಸಿಯೇ ಇರಲಿಲ್ಲ.

ಮುಖ್ಯ ವಿಂಡೋದ ಇನಿಟ್ ಫಂಕ್ಷನ್ನಿನಲ್ಲಿ ತೂಕ್‌ಎಂಟ್ರಿಯ ಟೈಪನ್ನು ಕೊಟ್ಟು, ನೋಂದಣಿ ಆಗಿರುವಂತೆ ನೋಡಿಕೊಳ್ಳುವ ಜಿ_ಟೈಪ್_ಎನ್‌ಶೂರ್ ಕರೆದೆ. ಅವಸರದಲ್ಲಿ ಅದನ್ನು, ಯುಐ ಕಡತವನ್ನು (ಟೆಂಪ್ಲೇಟನ್ನು) ಓದಿ ವಿಂಡೋ ಕಟ್ಟುವ ಜಿಟಿಕೆ_ವಿಜೆಟ್_ಇನಿಟ್_ಟೆಂಪ್ಲೇಟ್ ಸಾಲಿನ ಕೆಳಗೆ ಬರೆದಿದ್ದೆ, ಅದೇ ದೋಷ ಮತ್ತೆ ಬಂತು. ಟೆಂಪ್ಲೇಟ್ ಓದುವ ಮೊದಲೇ ನೋಂದಣಿ ಮುಗಿದಿರಬೇಕು. ಸಾಲನ್ನು ಮೇಲಕ್ಕೆ ಸರಿಸಿದ ಮೇಲೆ ತೂಕದ ಪೆಟ್ಟಿಗೆ ಕಾಣಿಸಿತು, 12 ಕ್ವಿಂಟಾಲ್ 40 ಕಿಲೋದ ಮೊದಲ ಚೀಟಿಯೂ ಮುದ್ರಣವಾಯಿತು.